ಎಡಗೈ ಚಾ

“ಬಾಯಿ ತೆಗೀಲೇ ಬೋಳೀಮಗನ! ಚಾ ಕುಡಸಾಕ ಊರಿಂದ ನಿಮ್ಮವ್ವನ್ನ ಕರಸ್ಲೇನು?”

ಮುಕಾದಮ ದೇವಲಪ್ಪ ಬಾಲಪ್ಪನ ಕುತ್ತಿಗೆಯ ಹಿಂಭಾಗಕ್ಕೆ ಕೈಯಿಟ್ಟು ತಲೆಯನ್ನು ಮುಂದಕ್ಕೆ ನೂಕಿದ. ಲೋಟ ಹಿಡಿದು ನಿಂತಿದ್ದ ಹುಲಿಗೆಮ್ಮನ ಕೈ ಅಲುಗಿ, ಸುಡುಸುಡುವ ಚಹಾ ಬಾಲಪ್ಪನ ಗದ್ದದ ಮೇಲಿಂದ ಎದೆಗೆ ಇಳಿಯಿತು. ಬಾಲಪ್ಪ ಹಲ್ಲು ಕಚ್ಚಿದ. ಕೈಗಳನ್ನು ಮಾತ್ರ ಗುಂಡಿಗಳಿಂದ ತೆಗೆಯಲಿಲ್ಲ.

ಉಸಗಾಂವದ ಗುಡ್ಡದ ಬುಡದಲ್ಲಿರುವ ನಮ್ಮ ಶೆಡ್ಡಿನಲ್ಲಿ ಮೀನಿನ ಡಬ್ಬಿಗಳಿಗೆ ಮುಚ್ಚಳ ಒತ್ತುತ್ತೇವೆ. ಒಬ್ಬರಿಗೆ ಒಂದು ಪ್ರೆಸ್ಸು. ತಗಡನ್ನು ಅಚ್ಚಿನ ಮೇಲಿಟ್ಟು, ಎಡಕ್ಕೊಂದು ಬಲಕ್ಕೊಂದು ಇರುವ ಹಸಿರು ಗುಂಡಿಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಬೀಳುತ್ತದೆ. ಒಂದು ಕೈ ಒಳಗಿದ್ದರೆ ಬೀಳುವುದಿಲ್ಲ. ಆ ಮಷೀನನ್ನು ಮಾಡಿದವನು ಯಾರೋ, ನಮ್ಮಂಥವರ ಕೈಗಳ ಬಗ್ಗೆ ಅಷ್ಟಾದರೂ ಯೋಚಿಸಿದ್ದ.

ಮೊದಲು ಚಹಾದ ಹೊತ್ತಿಗೆ ಗಂಟೆ ಬಾರಿಸುತ್ತಿದ್ದರು. ಪ್ರೆಸ್ಸುಗಳು ನಿಲ್ಲುತ್ತಿದ್ದವು. ಹೊರಗಿನ ಮೆಟ್ಟಿಲ ಮೇಲೆ ಕುಳಿತು, ಗಣಿಯ ಕೆಂಪು ಧೂಳು ಮೆತ್ತಿದ ಮರಗಳನ್ನು ನೋಡುತ್ತ, ಚಹಾದಲ್ಲಿ ಪಾವು ಅದ್ದಿ ತಿಂದು ಒಳಗೆ ಬರುತ್ತಿದ್ದೆವು. ಹೊಸ ಸಾಹೇಬರು ಬಂದ ಮೇಲೆ ಗಂಟೆ ನಿಂತಿತು. ಕೂರುವುದರಲ್ಲಿ ಹೊತ್ತು ಹಾಳಾಗುತ್ತದೆ, ಚಹಾ ಮಷೀನಿನ ಹತ್ತಿರವೇ ಬರಲಿ ಎಂದರು.

“ಚಾ ಬಂದ್ ಮಾಡಿಲ್ಲ,” ಎಂದು ದೇವಲಪ್ಪ ನಮಗೆ ತಿಳಿಸಿ ಹೇಳಿದ್ದ. “ಕುಂದ್ರೂದು ಬಂದ್ ಮಾಡೇವಿ. ನಿಮ್ಮಪ್ಪನ ಮನ್ಯಾಗ ಯಾರರ ಹಿಂಗ ಬಾಯಿತನಕ ಚಾ ತಂದು ಕೊಟ್ಟಾರೇನ್ರಲೇ?”

ಅವನೂ ನಮ್ಮ ಸೀಮೆಯವನೇ, ಮುದ್ದೇಬಿಹಾಳದ ಕಡೆಯವನು. ನಮ್ಮನ್ನು ಇಲ್ಲಿಗೆ ಕರೆತಂದವನೂ ಅವನೇ. ನಾವು ಮಲಗುವ ಖೋಲಿಗಳ ಬೀಗದ ಕೈ ಇರುವುದೂ ಅವನ ಸೊಂಟದಲ್ಲೇ.

ಎರಡೂ ಕೈ ಗುಂಡಿಗಳ ಮೇಲಿರುವಾಗ ಚಹಾ ಕುಡಿಯುವುದು ಹೇಗೆ? ಅಡಿಗೆ ಕೋಣೆಯ ಹುಲಿಗೆಮ್ಮ ಪ್ರೆಸ್ಸಿನಿಂದ ಪ್ರೆಸ್ಸಿಗೆ ಕಿಟ್ಲಿ ಹೊತ್ತು ಬಂದು, ಲೋಟವನ್ನು ನಮ್ಮ ತುಟಿಗೆ ಹಿಡಿಯುತ್ತಿದ್ದಳು. ದೊಡ್ಡ ದೊಡ್ಡ ಗಂಡಸರು ಕತ್ತು ಚಾಚಿ, ಕಣ್ಣು ತಗಡಿನ ಮೇಲಿಟ್ಟು, ಸೊರ್ರೆಂದು ಹೀರುತ್ತಿದ್ದೆವು. ಆಫೀಸಿನವರಿಗೆ ಅವಳು ಮಾಡುವ ಕಾಫಿ, ಚಹಾ ಬೇರೆ, ಪಿಂಗಾಣಿಯ ಕಪ್ಪಿನಲ್ಲಿ. ಅವರ ಚಹಾ ಸೋಸಿ ಉಳಿದ ಪುಡಿಯನ್ನೇ ಮತ್ತೆ ಕುದಿಸಿ ನಮಗೆ ತರಬೇಕೆಂದು ಅವಳಿಗೆ ಅಪ್ಪಣೆಯಾಗಿತ್ತು. ಅವಳು ಕದ್ದು ಒಂದು ಚಿಟಿಕೆ ಹೊಸ ಪುಡಿ, ಒಂದು ತುಂಡು ಶುಂಠಿ ಹಾಕುತ್ತಿದ್ದಳು.

“ಅಕ್ಕಾ, ಜರಾ ಊದಿ ಕುಡಸ,” ಎಂದು ನನ್ನ ಪಕ್ಕದ ಪ್ರೆಸ್ಸಿನ ಫಯಾಜ ಕೀಟಲೆ ಮಾಡುತ್ತಿದ್ದ. “ಒಂದ ಜೋಗುಳಾ ಹಾಡಿದ್ರ ಇನ್ನೂ ಚಲೋ.”

“ಮೀಸಿ ಬಂದಾವು, ನಿನಗಿನ್ನೂ ಮಲಿ ಬಿಡಸಿಲ್ಲೇನೋ ನಿಮ್ಮವ್ವ?”

ನಗುತ್ತಿದ್ದೆವು. ನಕ್ಕರೆ ಚಹಾ ಚೆಲ್ಲುತ್ತಿತ್ತು. ಚೆಲ್ಲಿದರೆ ಬೈಗುಳ ಬೀಳುತ್ತಿತ್ತು. ಒಬ್ಬಳೇ ಹೆಂಗಸು ಅಷ್ಟೂ ಜನರಿಗೆ ಕುಡಿಸಿ ಮುಗಿಸುವುದು ತಡವಾಗುತ್ತಿತ್ತು. ಅದಕ್ಕೆ ದೇವಲಪ್ಪ ಒಂದು ಉಪಾಯ ಹುಡುಕಿದ.

ಹಳೆಯ ಸೈಕಲ್ ಟ್ಯೂಬನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ಮಣಿಕಟ್ಟಿಗೆ ಸುತ್ತಿಕೊಂಡು ಬಂದ. ಮದುವೆ ಮನೆಯಲ್ಲಿ ಕಂಕಣ ಕಟ್ಟುವವನಂತೆ ಒಂದೊಂದೇ ಪ್ರೆಸ್ಸಿನ ಮುಂದೆ ನಿಂತು, ಎಡಗಡೆಯ ಗುಂಡಿಯನ್ನು ಒಳಕ್ಕೆ ಅದುಮಿ ಪಟ್ಟಿ ಬಿಗಿದ. ಗುಂಡಿ ಒಳಗೇ ಉಳಿಯಿತು. ಇನ್ನು ಬಲಗೈ ಒಂದೇ ಸಾಕು. ತಗಡು ಇಡುವುದು, ಗುಂಡಿ ಒತ್ತುವುದು, ಮುಚ್ಚಳ ತೆಗೆಯುವುದು, ಎಲ್ಲವೂ ಅದೇ ಕೈಯ ಕೆಲಸ. ಎಡಗೈಯಲ್ಲಿ ಲೋಟ.

“ನೋಡ್ರಿ, ರಾಜನಂಗ ಕುಡೀರಿ ಈಗ!” ಎಂದ.

“ನಮ್ಮಲ್ಲಿ ಎಡಗೈಲೆ ಕುಡದ್ರ ಸೈತಾನ ಕುಡೀತಾನಂತಾರ್ರಿ ಮುಕಾದಮ್ರ,” ಎಂದ ಫಯಾಜ.

“ಕುಡೀಲಿ ಬಿಡಲೇ. ಸೈತಾನಗೂ ಕಂಪನಿ ಚಾನ.”

ಮೇಲಿನ ಗಾಜಿನ ಕೋಣೆಯಲ್ಲಿ ಸಾಹೇಬರು ನಿಂತು ಕೆಳಗೆ ನೋಡುತ್ತ ಕಾಫಿ ಕುಡಿಯುತ್ತಿದ್ದರು. ದೇವಲಪ್ಪ ತಲೆಯೆತ್ತಿ ನಕ್ಕ. ಅವರು ಕಪ್ಪನ್ನು ಸ್ವಲ್ಪ ಮೇಲೆತ್ತಿದರು.

ಅಂದಿನಿಂದ ಚಹಾದ ಹೊತ್ತಿಗೆ ಪಟ್ಟಿ ಕಟ್ಟುವುದು, ಚಹಾ ಮುಗಿದ ಮೇಲೆ ಬಿಚ್ಚುವುದು ರೂಢಿಯಾಯಿತು. ಕಟ್ಟುವವನೂ ಬಿಚ್ಚುವವನೂ ದೇವಲಪ್ಪನೇ. ನಾವು ಅದಕ್ಕೆ ಎಡಗೈ ಚಾ ಎಂದು ಹೆಸರಿಟ್ಟೆವು. ನನಗೆ ಹೆದರಿಕೆಯಿತ್ತು. ನಾನು ಲೋಟವನ್ನು ಬೇಗ ಬರಿದು ಮಾಡಿ, ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ನಿಲ್ಲುತ್ತಿದ್ದೆ. “ಮಾಂತೇಶಣ್ಣ ಕಲೆಕ್ಟರ್ ಆಗ್ಯಾನ್ರಪಾ, ಜೇಬಿನ್ಯಾಗ ಕೈ,” ಎಂದು ಬಾಲಪ್ಪ ನಗುತ್ತಿದ್ದ.

*

ಅಂದು ಮಳೆ ಜೋರಾಗಿತ್ತು. ತಗಡಿನ ಮಾಡಿನ ಮೇಲಿನ ಸದ್ದಿನಲ್ಲಿ ಪ್ರೆಸ್ಸುಗಳ ಸದ್ದೂ ಮುಳುಗಿಹೋಗಿತ್ತು. ಬಾಲಪ್ಪ ಚಹಾ ಕುಡಿದು ಲೋಟವನ್ನು ಹುಲಿಗೆಮ್ಮನ ಕಡೆ ಚಾಚಿದ. ಅವಳು ತೆಗೆದುಕೊಂಡಳು. ಎಡಗೈ ಖಾಲಿಯಾಯಿತು. ಅಚ್ಚಿನ ಮೇಲೆ ತಗಡು ಓರೆಯಾಗಿ ಕೂತಿತ್ತು. ಎಡಗೈ ಹಳೆಯ ಅಭ್ಯಾಸದಿಂದ ಅದನ್ನು ನೇರ ಮಾಡಲು ಹೋಯಿತು. ಬಲಗೈಗೆ ಅದು ಗೊತ್ತಾಗಲಿಲ್ಲ. ಅದು ತನ್ನ ಗುಂಡಿ ಒತ್ತಿತು.

ಚೀರಿದ್ದು ಬಾಲಪ್ಪನಲ್ಲ, ಹುಲಿಗೆಮ್ಮ.

ಅಚ್ಚು ಮೇಲೆದ್ದಾಗ ಕೆಳಗೊಂದು ಮುಚ್ಚಳ ತಯಾರಾಗಿತ್ತು. ದುಂಡಗೆ, ಅಂಚು ಚೊಕ್ಕವಾಗಿ. ಅದರ ಮೇಲೆ ಬಾಲಪ್ಪನ ಬೆರಳುಗಳಿದ್ದವು. ಹೆಬ್ಬೆರಳೊಂದು ಮಾತ್ರ ಅವನ ಕೈಯಲ್ಲಿ ಉಳಿದಿತ್ತು. ಅವನು ಅದನ್ನೇ ನೋಡುತ್ತ ನಿಂತ. ರಕ್ತ ಮೊದಲು ಬರಲಿಲ್ಲ, ಆಮೇಲೆ ಒಮ್ಮೆಲೇ ಬಂತು.

“ಮಷೀನ್ ಬಂದ್ ಮಾಡಬ್ಯಾಡ್ರಿ!” ದೇವಲಪ್ಪ ಓಡಿ ಬರುತ್ತಲೇ ಕೂಗಿದ. “ನಿಮ್ಮ ನಿಮ್ಮ ಕೆಲಸಾ ನೋಡ್ರಲೇ ಸೂಳೇಮಕ್ಳ್ರ್ಯಾ!”

ಹುಲಿಗೆಮ್ಮ ಚಹಾ ಸೋಸುವ ಬಟ್ಟೆಯನ್ನು ಕೈಗೆ ಬಿಗಿಯಾಗಿ ಸುತ್ತಿದಳು. ಬೆರಳುಗಳನ್ನು ಆರಿಸಿ, ಬಾಲಪ್ಪ ಕುಡಿದು ಕೊಟ್ಟಿದ್ದ ಸ್ಟೀಲಿನ ಲೋಟದಲ್ಲೇ ಹಾಕಿದಳು. ಫಯಾಜ ಪ್ರೆಸ್ಸು ಬಿಟ್ಟು ಬಂದು ಅವನನ್ನು ಹೊತ್ತು ಟೆಂಪೊದಲ್ಲಿ ಕೂರಿಸಿದ. ಫೋಂಡಾದ ದವಾಖಾನೆಯಲ್ಲಿ, ಇವು ಜೋಡಿಸಲು ಬರುವಂತಿಲ್ಲ, ಜಜ್ಜಿಹೋಗಿವೆ ಎಂದರಂತೆ. ಲೋಟವನ್ನು ತೊಳೆದು ವಾಪಸು ಕೊಟ್ಟರು. ಹುಲಿಗೆಮ್ಮ ಅದನ್ನು ಒಲೆಯ ಮೇಲಿನ ಹಲಗೆಯ ಮೇಲೆ ಬೋರಲು ಹಾಕಿಟ್ಟಳು. ಮತ್ತೆ ಅದರಲ್ಲಿ ಯಾರಿಗೂ ಚಹಾ ಹಾಕಲಿಲ್ಲ.

ಆ ಸಂಜೆಯೇ ಬಾಲಪ್ಪನ ಪ್ರೆಸ್ಸನ್ನು ಹತ್ತಿಯ ವೇಸ್ಟಿನಿಂದ ಒರೆಸಿ ಮತ್ತೆ ಶುರು ಮಾಡಿದರು.

*

ಮರುದಿನ ವಿಚಾರಣೆಗೆಂದು ಹೊರಗಿನಿಂದ ಇಬ್ಬರು ಬಂದರು. ಹುಲಿಗೆಮ್ಮ ಕಾಫಿಯ ಟ್ರೇ ಹಿಡಿದು ಗಾಜಿನ ಕೋಣೆಗೆ ಹೋದಾಗ ದೇವಲಪ್ಪ ಕೈಕಟ್ಟಿ ನಿಂತು ಹೇಳುತ್ತಿದ್ದ. ಅಲ್ಲಿ ನಡೆದದ್ದನ್ನು ಅವಳೇ ಆಮೇಲೆ ನಮಗೆ ಹೇಳಿದಳು.

“ಭಾಳ ಕಳ್ಳ ಬೀಳೂ ಮಂದಿರಿ ಸಾಹೇಬ್ರ. ಚಾದ ಚಟಕ್ಕ ಗುಂಡಿಗೆ ತಾನ ಪಟ್ಟಿ ಕಟ್ಟಿಕೊಂಡಾನ. ನಾ ಎಷ್ಟ ಸಲ ಹೇಳೇನಿ, ಹಂಗ ಮಾಡಬ್ಯಾಡೋ ಅಂತ.”

ಸಾಹೇಬರು ಬಂದವರಿಗೆ ಕೊಂಕಣಿಯಲ್ಲಿ ಏನೋ ಹೇಳಿ ನಕ್ಕರು. ಅದರಲ್ಲಿ ‘ಘಾಟಿ’ ಎಂಬ ಮಾತೊಂದು ಹುಲಿಗೆಮ್ಮನಿಗೆ ತಿಳಿಯಿತು. ಘಟ್ಟದ ಮೇಲಿನಿಂದ ಬಂದ ನಮಗೆಲ್ಲ ಇಲ್ಲಿ ಅದೇ ಹೆಸರು. ಅವಳು ಕಪ್ಪುಗಳನ್ನು ಮೇಜಿನ ಮೇಲಿಡುತ್ತ, ತಲೆಯೆತ್ತದೆ ಹೇಳಿದಳು.

“ಪಟ್ಟಿ ಇಂವ ಕಟ್ಟಿದ್ದರಿ. ದಿನಾ ಇಂವನ ಕಟ್ತಾನ. ನಾ ಕಿಟ್ಲಿ ಹಿಡಕೊಂಡು ಬಾಜೂಕ ನಿಂತಿರತೇನಿ.”

ದೇವಲಪ್ಪನ ಕೈ ಅವಳ ಕೆನ್ನೆಗೆ ಬಿತ್ತು. ಟ್ರೇ ಹಾರಿ, ಉಳಿದಿದ್ದ ಕಪ್ಪೊಂದು ನೆಲಕ್ಕೆ ಬಿದ್ದು ಒಡೆಯಿತು. ಬಂದ ಇಬ್ಬರೂ ಕಿಟಕಿಯ ಹೊರಗಿನ ಮಳೆಯನ್ನು ನೋಡಿದರು. ಸಾಹೇಬರು ಕಾಲು ಹಿಂದಕ್ಕೆ ತೆಗೆದುಕೊಂಡು, ನೆಲದ ಮೇಲೆ ಹರಿಯುವ ಕಾಫಿಯನ್ನು ನೋಡುತ್ತ, “ಇಧರ್ ನಹೀಂ, ಬಾಹರ್ ಲೇಕೆ ಜಾ,” ಎಂದರು.

ಹೊರಗೆಂದರೆ ಅಡಿಗೆ ಕೋಣೆ. ದೇವಲಪ್ಪ ಅವಳ ಜುಟ್ಟು ಹಿಡಿದು ಕಬ್ಬಿಣದ ಮೆಟ್ಟಿಲಿನಿಂದ ಎಳೆದುಕೊಂಡು ಇಳಿದ. ನಾವು ಪ್ರೆಸ್ಸುಗಳ ಮುಂದೆ ನಿಂತು ನೋಡಿದೆವು. ಬಾಗಿಲು ತೆರೆದೇ ಇತ್ತು. ಒಲೆಯ ಮೇಲಿನ ಕಿಟ್ಲಿ ಎತ್ತಿ ಅವಳ ಪಾದಗಳ ಮೇಲೆ ಹೊಯ್ದ. ಅವಸರವಿಲ್ಲದೆ, ಗಿಡಕ್ಕೆ ನೀರು ಹಾಕುವವನಂತೆ.

“ಇವತ್ತ ಕಾಲಿಗೆ ಹೊಯ್ದೇನಿ. ಇನ್ನೊಮ್ಮಿ ಬಾಯಿ ತೆರದಿ ಅಂದ್ರ ನಾಲಗಿ ಮ್ಯಾಲ ಹೊಯ್ತೇನಿ, ಹಾದರಗಿತ್ತಿ.”

ಅವಳು ಒಲೆಯ ಕಟ್ಟೆ ಹಿಡಿದು ನಿಂತಿದ್ದಳು. ಚೀರಲಿಲ್ಲ. ಮರುದಿನ ಪಾದಗಳಿಗೆ ಬಾಳೆ ಎಲೆ ಸುತ್ತಿ, ಅದರ ಮೇಲೆ ಗೋಣಿ ತುಂಡು ಕಟ್ಟಿಕೊಂಡು ಕಿಟ್ಲಿ ತಂದಳು. ಪಟ್ಟಿಗಳು ಮೊಳೆಯಲ್ಲೇ ಇದ್ದವು; ಅವಳು ಮತ್ತೆ ಲೋಟವನ್ನು ತುಟಿಗೆ ಹಿಡಿದಾಗ ನನಗೆ ಅವಳ ಮುಖ ನೋಡಲಾಗಲಿಲ್ಲ.

*

ಬಾಲಪ್ಪ ದವಾಖಾನೆಯಿಂದ ಬಂದವನು ಗೇಟಿಗೆ ಬಂದು ನಿಂತ. ಮೊದಲು ಖೋಲಿಗೆ ಹೋದರೆ ಬೇರೆ ಬೀಗ ಬಿದ್ದಿತ್ತಂತೆ. ಹಾಸಿಗೆ, ಸ್ಟೋವು, ದೇವರ ಫೋಟೊ ಎಲ್ಲವೂ ಮಳೆಯಲ್ಲಿ ಹೊರಗೆ ಬಿದ್ದಿದ್ದವಂತೆ.

ನಾವು ಕಿಟಕಿಯ ಸರಳುಗಳಿಂದ ನೋಡುತ್ತಿದ್ದೆವು. ದೇವಲಪ್ಪ ಛತ್ರಿ ಹಿಡಿದು ಗೇಟಿನ ಹೊರಗೆ ಹೋದ. ಅಲ್ಲಿ ಆಡಿದ ಮಾತನ್ನು ಬಾಲಪ್ಪನೇ ಆಮೇಲೆ ನಮಗೆ ಹೇಳಿದ.

“ಅಣ್ಣಾರ, ನೀವು ಕಟ್ಟಿದ್ದು ಅಂತ ಒಂದ ಮಾತ ಹೇಳ್ರಿ,” ಎಂದು ಬಾಲಪ್ಪ ಬೇಡಿಕೊಂಡ. “ನನ್ನ ತಪ್ಪಲ್ಲ ಅಂತ ಹೇಳ್ರಿ, ಅಷ್ಟ ಸಾಕು. ಒಂದ ಕೈಲೆ ಕಸಾ ಹೊಡೀತೇನಿ, ಗೇಟ್ ಕಾಯ್ತೇನಿ. ಕಳ್ಳ ಅಂತ ಹೊರಗ ಹಾಕಿದ್ರ ಎಲ್ಲೂ ಕೆಲಸಾ ಕೊಡಂಗಿಲ್ರಿ.”

“ಮೊಲೆಂ ಘಟ್ಟದ ಕಡೆ ಲಾರಿ ಹೊಂಟಾವು. ಹತ್ತಿ ಊರಿಗೆ ಹೋಗು.”

ಬಾಲಪ್ಪ ಉಳಿದ ಕೈಯಿಂದ ಅವನ ಕಾಲು ಹಿಡಿದ. ದೇವಲಪ್ಪ ಒದ್ದ. ಬಾಲಪ್ಪ ಕೆಂಪು ರಾಡಿಯಲ್ಲಿ ಮಗುಚಿ ಬಿದ್ದ. ಎರಡನೆಯ ಸಲ ದೇವಲಪ್ಪ ಕಾಲಿಟ್ಟದ್ದು ಬ್ಯಾಂಡೇಜಿನ ಮೇಲೆ. ಇಟ್ಟು, ಬೀಡಿ ಹೊಸಕುವಂತೆ ತಿರುವಿದ. ಆ ಕೂಗು ಮಳೆಯನ್ನೂ ಪ್ರೆಸ್ಸುಗಳನ್ನೂ ದಾಟಿ ಒಳಗೆ ಬಂತು.

ಆಮೇಲೆ ದೇವಲಪ್ಪ ಒಳಗೆ ಬಂದು ಛತ್ರಿ ಮಡಚಿ ಗೋಡೆಗೆ ಒರಗಿಸಿದ. ಚಹಾದ ಹೊತ್ತಾಗಿತ್ತು. ಮೊಳೆಗೆ ತೂಗುಹಾಕಿದ್ದ ಟ್ಯೂಬಿನ ಪಟ್ಟಿಗಳನ್ನು ತೆಗೆದು ಮಣಿಕಟ್ಟಿಗೆ ಸುತ್ತಿಕೊಂಡ.

ಅವನು ಮತ್ತೆ ಪಟ್ಟಿ ಕಟ್ಟುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ. ಫಯಾಜನ ಪ್ರೆಸ್ಸಿನ ಎಡ ಗುಂಡಿಯನ್ನು ಅದುಮಿ ಅವನು ಗಂಟು ಬಿಗಿದ.

“ಚಾ ಹೊಯ್ಯಿ,” ಎಂದ ಹುಲಿಗೆಮ್ಮನಿಗೆ.

ಹುಲಿಗೆಮ್ಮ ಕಿಟ್ಲಿಯನ್ನು ನೆಲಕ್ಕಿಟ್ಟಳು.

“ಕುಂತವರಿಗೆ ಹೊಯ್ತೇನಿ. ನಿಂತವರಿಗೆ ಹೊಯ್ಯಂಗಿಲ್ಲ.”

“ಏನಂದಿ?”

“ಮಷೀನ್ ಬಂದ್ ಮಾಡಸು. ಕುಂದರಲಿ. ಹೊಯ್ತೇನಿ.”

ದೇವಲಪ್ಪ ಬಗ್ಗಿ ಕಿಟ್ಲಿಯ ಹಿಡಿಗೆ ಕೈ ಹಾಕಿದ. ಇನ್ನೊಂದು ಕೈಯಿಂದ ಅವಳ ಗದ್ದ ಹಿಡಿದು ಬಾಯಿ ತೆರೆಸಲು ಅಮುಕಿದ. ನಾಲಿಗೆಯ ಮೇಲೆ ಹೊಯ್ಯುತ್ತೇನೆಂದು ಹೇಳಿದ್ದವನು.

ಮೊದಲು ಕೈ ಹಾಕಿದವರು ಯಾರೆಂಬುದು ನನಗೆ ಖಚಿತವಿಲ್ಲ. ಫಯಾಜ ಇರಬೇಕು. ನಾನೇ ಇದ್ದರೂ ಇರಬಹುದು. ಕಿಟ್ಲಿ ಉರುಳಲಿಲ್ಲ, ಅದನ್ನು ಯಾರೋ ಹಿಡಿದರು. ಒಂದೊಂದಾಗಿ ಪ್ರೆಸ್ಸುಗಳ ಸದ್ದು ನಿಂತಿತು. ಫಯಾಜನ ಪ್ರೆಸ್ಸಿನ ಮೋಟಾರು ಮಾತ್ರ ತಿರುಗುತ್ತಲೇ ಇತ್ತು. ದೇವಲಪ್ಪನ ಮೂಗಿನಿಂದ ರಕ್ತ ಬರುತ್ತಿತ್ತು. ಯಾರೋ ಅವನ ಬಾಯಿಗೆ ಗುದ್ದಿದ್ದರು. ಅವನನ್ನು ಎಳೆದು ಫಯಾಜನ ಪ್ರೆಸ್ಸಿನ ಮುಂದೆ ನಿಲ್ಲಿಸಿದಾಗ, ಅವನ ಎಡಗೈಯನ್ನು ಮೊಣಕೈ ಹತ್ತಿರ ಎರಡೂ ಕೈಯಿಂದ ಹಿಡಿದವನು ನಾನು. ಆ ಕೈಯನ್ನು ಅಚ್ಚಿನ ಮೇಲೆ, ತಗಡು ಇಡುವ ಜಾಗದಲ್ಲಿ, ಅಂಗೈ ಕೆಳಗಾಗಿ ಒತ್ತಿ ಹಿಡಿದೆ.

ಹುಲಿಗೆಮ್ಮ ಕುಂಟುತ್ತ ಅಡಿಗೆ ಕೋಣೆಗೆ ಹೋದಳು. ಹಲಗೆಯ ಮೇಲೆ ಬೋರಲಿದ್ದ ಲೋಟ ತಂದಳು. ಅದಕ್ಕೆ ಚಹಾ ತುಂಬಿ, ದೇವಲಪ್ಪನ ಬಲಗೈಗೆ ಕೊಟ್ಟಳು. ಅವನು ಹಿಡಿದುಕೊಂಡ.

“ಕುಡಿ. ರಾಜನಂಗ ಕುಡಿ,” ಎಂದಳು. ಹೆಬ್ಬೆರಳನ್ನು ಬಲಗಡೆಯ ಹಸಿರು ಗುಂಡಿಯ ಮೇಲಿಟ್ಟಳು. “ಬಾಲಪ್ಪನ ಗುಂಡಿಗೆ ಪಟ್ಟಿ ಕಟ್ಟಿದವರ್ಯಾರು?”

“ಯವ್ವಾ, ಬಿಡಽ ನಮ್ಮವ್ವಾ, ನಿನ್ನ ಮಗ ಅನ್ಕೋ...”

“ಯಾರು?”

ಮೇಲಿನ ಕೋಣೆಯ ಬಾಗಿಲು ತೆರೆಯಿತು. “ಕಿತೆಂ ಜಾಲೆಂ? ಏಯ್, ಛೋಡೋ ಉಸಕೋ!” ಏನಾಯಿತು, ಬಿಡಿ ಅವನನ್ನು ಎಂದು ಕೂಗುತ್ತ ಸಾಹೇಬರು ಮೆಟ್ಟಿಲಿಳಿಯತೊಡಗಿದರು. “ಪೊಲೀಸ್ ಬುಲಾತಾ ಹೂಂ!”

“ನಾ ಕಟ್ಟೇನಿ!” ದೇವಲಪ್ಪ ಚೀರಿದ. “ದಿನಾ ನಾನ ಕಟ್ಟೇನಿ! ಸಾಹೇಬ್ರ ಕಟ್ಟ ಅಂದ್ರು, ಅದಕ್ಕ ಕಟ್ಟೇನಿ! ಅವರನ್ನ ಕೇಳ್ರೋ!”

ಸಾಹೇಬರು ಮೆಟ್ಟಿಲ ನಡುವೆ ನಿಂತರು.

ಫಯಾಜ ನನ್ನ ಮುಖ ನೋಡಿದ. ನಾನು ಹುಲಿಗೆಮ್ಮನ ಮುಖ ನೋಡಿದೆ. ಕೇಳಬೇಕಾದ ಮಾತು ಬಂದಿತ್ತು, ಎಲ್ಲರೂ ಕೇಳಿದ್ದರು. ಆದರೆ ಅವಳ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಅವಳು ಮೆಟ್ಟಿಲ ಕಡೆ ತಲೆಯೆತ್ತಿದಳು.

“ಕೆಳಗ ಬರ್ರಿ ಸಾಹೇಬ್ರ,” ಎಂದಳು. “ನಿಮಗೂ ಚಾ ಐತಿ.”

ಸಾಹೇಬರು ಇಳಿಯಲೂ ಇಲ್ಲ, ಹತ್ತಲೂ ಇಲ್ಲ. ಗೇಟಿನಾಚೆ ರಾಡಿಯಲ್ಲಿ ಬಾಲಪ್ಪ ಎದ್ದು ಕುಳಿತಿದ್ದ. ದೇವಲಪ್ಪನ ಬಲಗೈಯಲ್ಲಿದ್ದ ಲೋಟ ಓರೆಯಾಗಿ, ಚಹಾ ಅವನ ಮಣಿಕಟ್ಟಿಗೆ ಸುತ್ತಿದ್ದ ಪಟ್ಟಿಗಳ ಮೇಲೆ ಹನಿಯುತ್ತಿತ್ತು. ನನ್ನ ಅಂಗೈಗಳ ಕೆಳಗೆ ಅವನ ನಾಡಿ ಓಡುತ್ತಿತ್ತು.

ಬಿಡು ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ. ನಾನು ಬಿಗಿಯಾಗಿ ಹಿಡಿದುಕೊಂಡೆ.