ತೋರ್ಸಮ್ಮ

ಈ ಎರಡು ಕೈಗಳು ಕಟ್ಟಿದ ಪುಸ್ತಕವನ್ನು ಬಿಚ್ಚಬಲ್ಲ ಶಕ್ತಿ ಇನ್ನೂ ಭೂಮಿಗೆ ಅವತರಿಸಿಲ್ಲ. ನಲವತ್ತೆರಡು ವರ್ಷ ಬೈಂಡರ್ ಆಗಿ ದುಡಿದವನು ನಾನು. ನಾನು ಹೊಲಿದು, ಅಂಟು ಬಳಿದು, ಬಟ್ಟೆ ಹೊದಿಸಿದ ನಿಘಂಟೊಂದರ ಮೇಲೆ ಒಮ್ಮೆ ಲಾರಿ ಹರಿದಾಗ ಲಾರಿಯ ಚಕ್ರ ರಿಪೇರಿಗೆ ಹೋಯಿತೇ ಹೊರತು ನಿಘಂಟಿನ ಒಂದು ಹಾಳೆಯೂ ಕದಲಲಿಲ್ಲ. ಈ ವೃತ್ತಾಂತವನ್ನು ನಾನು ಸಭೆಗಳಲ್ಲಿ, ರೈಲಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಹೇಳಿದ್ದೇನೆ; ಕೇಳಿದವರೆಲ್ಲ ತಲೆದೂಗಿದ್ದಾರೆ. ತಲೆಯನ್ನೂ ತೂಗದೆ, ರೆಪ್ಪೆಯನ್ನೂ ಮಿಟುಕಿಸದೆ, "ತೋರ್ಸಿ" ಎಂದವಳು ಒಬ್ಬಳೇ.

"ತೋರ್ಸಿ" ಎನ್ನುವುದು ಆಕೆಯ ನಮಸ್ಕಾರ, ಆಕೆಯ ಪ್ರಶ್ನೆ, ಆಕೆಯ ತೀರ್ಪು. ಕಂಪ್ಯೂಟರು ಸತ್ತಿದೆ ಎಂದರೂ ತೋರ್ಸಿ, ಬದುಕಿದೆ ಎಂದರೂ ತೋರ್ಸಿ. ಹೀಗಾಗಿ ಬೀದಿಗೆಲ್ಲ ಆಕೆ ತೋರ್ಸಮ್ಮ. ಆಕೆಯ ರಿಪೇರಿ ಅಂಗಡಿ ಇರುವುದು ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಒಳಗಿದ್ದವರು ಆಕಳಿಸಬೇಕಾದರೆ ಹೊರಗಿನವರು ಬಾಗಿಲು ತೆರೆದುಕೊಡಬೇಕು, ಅಷ್ಟು ವಿಶಾಲ. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಕೆಳಗೆ ಮೇಜಿನ ಮೇಲಿನ ಸ್ಕ್ರೂಗಳೆಲ್ಲ ಎದ್ದು ಕುಣಿಯುತ್ತವೆ. ಆ ಕುಣಿತದಿಂದಲೇ ಆಕೆ, "ಮೂರನೇ ಮಹಡಿ ಟೈಪಿಸ್ಟು. ಇವತ್ತೂ ಲೇಟು" ಎಂದು ತಲೆಯೆತ್ತದೆ ಹೇಳಬಲ್ಲಳು.

ಇನ್ನು ಆ ಕೋಟು. ಮಂಡಿ ದಾಟುವ ನೀಲಿ ಕೋಟು. ಅದಕ್ಕೆ ಹದಿನಾಲ್ಕು ಜೇಬು, ಒಂದೊಂದು ಜೇಬಿನಲ್ಲಿ ಒಂದೊಂದು ವಂಶದ ಕೇಬಲ್ಲು. ದಪ್ಪನೆಯವೆಲ್ಲ ಎಡಕ್ಕೆ, ಸಣ್ಣವೆಲ್ಲ ಬಲಕ್ಕೆ. ಆದ್ದರಿಂದ ಆಕೆ ನಡೆಯುವಾಗ ಗಾಳಿಗೆ ಓರೆಯಾದ ದೋಣಿಯಂತೆ ಸದಾ ಎಡಕ್ಕೆ ವಾಲಿ, ಆದರೆ ದಿಕ್ಕು ತಪ್ಪದೆ, ಗಂಭೀರವಾಗಿ ಸಾಗುತ್ತಾಳೆ. ಕೋಟನ್ನು ಒಗೆಯಲು ಹಾಕಿದ ದಿನ ಭಾರವಿಲ್ಲದ ದೇಹ ಲೆಕ್ಕ ತಪ್ಪಿ ಬಲಕ್ಕೆ ವಾಲುತ್ತದೆಂದು ನಾನು ಹೇಳಿದರೆ ನಗುತ್ತೀರಿ. ಲಾರಿಯ ಕಥೆಯಂತೆ ಇದೂ ಸತ್ಯ.

ಒಮ್ಮೆ ಭಾರೀ ವಕೀಲರೊಬ್ಬರು ಪ್ರಿಂಟರು ಹೊತ್ತು ತಂದು, ತಾವು ಅದರ ಸ್ವಿಚ್ಚು ಹಾಕಿದ್ದಾಗಿ ಮುಕ್ಕಾಲು ಗಂಟೆ ವಾದ ಮಂಡಿಸಿದರು. ಆಕೆ ಕೇಳುವಷ್ಟೂ ಕೇಳಿ, "ತೋರ್ಸಿ" ಎಂದಳು. ವಕೀಲರು ಬಗ್ಗಿದರು, ನೋಡಿದರು, ಬಗ್ಗಿಯೇ ಉಳಿದರು. ಆಕೆ ನಗಲಿಲ್ಲ. "ಪಾಪ, ಆ ಸ್ವಿಚ್ಚಿಗೆ ಕಾನೂನು ಗೊತ್ತಿಲ್ಲ ಸರ್" ಎಂದು ಸಮಾಧಾನ ಹೇಳಿ ಕಳಿಸಿದಳು. ಈ ಕಥೆಯನ್ನು ಹೇಳಿಕೊಂಡು ವರ್ಷಗಟ್ಟಲೆ ಹೊಟ್ಟೆ ಹಿಡಿದು ನಕ್ಕವನು ನಾನು. ಆ ಬಗ್ಗುವ ಸರದಿ ನನಗೂ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನ ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿ ನಲವತ್ತು ವರ್ಷ ನರ್ಸಾಗಿದ್ದವಳು. ನಿವೃತ್ತಳಾದ ಮೇಲೆ ಒಂಬತ್ತು ವರ್ಷ ಕೂತು, ತನ್ನ ಕೈಮೇಲೆ ಹುಟ್ಟಿದ ಕೂಸುಗಳ, ಹೆತ್ತ ತಾಯಂದಿರ, ಹೊರಗೆ ಬೆವರಿದ ಗಂಡಂದಿರ ಕಥೆಗಳನ್ನೆಲ್ಲ ಒಂದು ಪುಸ್ತಕವಾಗಿ ಬರೆದಳು. ಬರೆದ ಕಂಪ್ಯೂಟರು ಮುದಿಯಾಗಿ ಕಣ್ಣು ಮುಚ್ಚುವ ಮುನ್ನ ಮಗಳು ಅಷ್ಟನ್ನೂ ಹೊರಗಿನಿಂದ ಜೋಡಿಸುವ ಅಂಗೈಯಗಲದ ಹಾರ್ಡ್ ಡಿಸ್ಕೊಂದಕ್ಕೆ ತುಂಬಿಕೊಟ್ಟಿದ್ದಳು. ಆ ಪುಸ್ತಕ ಲೋಕದಲ್ಲಿ ಇದ್ದದ್ದು ಅದೊಂದರಲ್ಲೇ. ಪ್ರೆಸ್ಸಿನ ಯಜಮಾನರು, "ಮಂಗಳವಾರ ಮೂರು ಗಂಟೆಗೆ ತಲುಪಿಸಿದ್ರೆ ಈ ವರ್ಷ, ಇಲ್ದಿದ್ರೆ ಮುಂದಿನ ವರ್ಷ" ಎಂದಿದ್ದರು. ಮಂಗಳವಾರ ಬೆಳಿಗ್ಗೆ ಮಗಳ ಲ್ಯಾಪ್‌ಟಾಪಿಗೆ ಡಿಸ್ಕನ್ನು ಜೋಡಿಸಿದೆವು. ಡಿಸ್ಕಿನ ದೀಪವೇನೋ ಮಿನುಗಿತು. ಲ್ಯಾಪ್‌ಟಾಪು ಮಾತ್ರ ಬಾಗಿಲಲ್ಲಿ ನೆಂಟರು ನಿಂತಿದ್ದರೂ ಒಳಗೆ ಉಸಿರು ಬಿಗಿಹಿಡಿದು ಕೂತ ಜಿಪುಣನಂತೆ ತೆಪ್ಪಗಿತ್ತು.

ಅಳಿಯ ಫೋನಿನಲ್ಲಿ, "ಮಾವ, ಎರಡು ಸಲ ಜೋರಾಗಿ ತಟ್ಟಿ ನೋಡಿ" ಎಂದ. ನಾನು ಕೈಯೆತ್ತಿದೆ.

"ಅದನ್ನ ಮುಟ್ಟಿದ್ರೆ ನಿಮ್ಮನ್ನ ತಟ್ತೀನಿ" ಎಂದಳು ಹೆಂಡತಿ.

ಹನ್ನೊಂದಕ್ಕೆ ನಾವಿಬ್ಬರೂ ಮೆಟ್ಟಿಲ ಕೆಳಗಿದ್ದೆವು. ಸಾವಿರಾರು ಹೆರಿಗೆಗಳ ನಡುವೆ ಒಮ್ಮೆಯೂ ಬಾಯಿ ಮುಚ್ಚದ ನನ್ನ ಹೆಂಡತಿ ಸ್ಟೂಲಿನ ಮೇಲೆ ಚೀಲವನ್ನು ಅವುಚಿಕೊಂಡು ಮೌನವಾಗಿ ಕೂತಳು. ತೋರ್ಸಮ್ಮ ಡಿಸ್ಕಿಗೆ ವೈರು ಕೊಟ್ಟು, ಅದನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿದಳು.

"ತಿರುಗ್ತಾ ಇದೆ. ಕೆಟ್ಟ ಸದ್ದಿಲ್ಲ. ಇದು ಹೋಗಿಲ್ಲ ಅಮ್ಮಾ, ಇನ್ನೂ ಮಾತಾಡಿಲ್ಲ ಅಷ್ಟೆ."

"ಹುಟ್ಟಿದೆ, ಅತ್ತಿಲ್ಲ ಅನ್ನಿ" ಎಂದಳು ನನ್ನ ಹೆಂಡತಿ, ಅಂಗಡಿಗೆ ಬಂದ ಮೇಲಿನ ತನ್ನ ಮೊದಲ ವಾಕ್ಯವಾಗಿ.

ಆಮೇಲೆ ಜೇಬುಗಳ ಮೆರವಣಿಗೆ. ಐದನೆಯ ಜೇಬಿನ ಕೇಬಲ್ಲು, ಆರನೆಯ ಜೇಬಿನ ಕೇಬಲ್ಲು. ಕಂಪ್ಯೂಟರಿನ ಮುಂದಿನ ತೂತು, ಹಿಂದಿನ ತೂತು. ಕೊನೆಗೆ ಬೇರೆಯೇ ಕಂಪ್ಯೂಟರು. ಎಲ್ಲ ಕಡೆಯೂ ದೀಪ ಉರಿಯಿತು, ಎಲ್ಲಿಯೂ ಡಿಸ್ಕು ಕಾಣಿಸಲಿಲ್ಲ. ಗಂಟೆ ಹನ್ನೆರಡೂವರೆಯಾಯಿತು. ಹೆಂಡತಿಯ ಬೆರಳುಗಳು ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ಗುರುತು ಇಂದಿಗೂ ಇದೆ.

ಆಗ ಆಕೆ ಡಿಸ್ಕಿನ ಹೊರಮೈಯನ್ನು ಮೊದಲ ಬಾರಿಗೆ ತಿರುಗಿಸಿ ತಿರುಗಿಸಿ ನೋಡಿದಳು. "ಇದಕ್ಕೆ ಈ ಅಂಗಿ ತೊಡಿಸಿದ್ದು ಯಾರು?"

ಹೌದು, ನಾನೇ. ಒಂಬತ್ತು ವರ್ಷದ ಪುಸ್ತಕ ಬರಿಯ ಕರಿ ಡಬ್ಬಿಯಲ್ಲಿ ಬೆತ್ತಲೆ ಬಿದ್ದಿರುವುದನ್ನು ಸಹಿಸದೆ ಅದಕ್ಕೆ ರಟ್ಟು ಕಟ್ಟಿ, ಕೆಂಪು ಬಟ್ಟೆ ಹೊದಿಸಿ, ಬೆನ್ನಿನ ಮೇಲೆ ಹೆಂಡತಿಯ ಹೆಸರನ್ನು ಚಿನ್ನದ ಅಕ್ಷರದಲ್ಲಿ ಒತ್ತಿದ್ದೆ. ವೈರಿಗೂ ದೀಪಕ್ಕೂ ಒಂದೊಂದು ಪುಟ್ಟ ಕಿಟಕಿಯನ್ನೂ ಬಿಟ್ಟಿದ್ದೆ. ಎದೆಯುಬ್ಬಿಸಿ ಅದನ್ನು ಹೇಳಿ, ಆ ಉಬ್ಬಿನಲ್ಲೇ ಲಾರಿಯ ಕಥೆಯನ್ನೂ ಮುಗಿಸಿ, "ಆ ಕಿಟಕೀಲಿ ವೈರು ಪೂರ್ತಿ ಒಳಗೆ ಹೋಗುತ್ತೆ" ಎಂದೆ.

"ತೋರ್ಸಿ" ಎಂದು ಆಕೆ ಟಾರ್ಚನ್ನೂ ಭೂತಗನ್ನಡಿಯನ್ನೂ ಕೈಗಿತ್ತಳು.

ಬಗ್ಗಿದೆ. ವೈರಿನ ಮೂತಿ ಒಳಗೆ ಹೋಗಿ, ಅಕ್ಕಿಕಾಳಿನಷ್ಟು ದೂರದಲ್ಲಿ ನಿಂತುಬಿಟ್ಟಿತ್ತು. ಹೊರಗೆಳೆದು ನೋಡಿದರೆ ತೂತಿನ ಅಂಚಿಗೆ ಒಣಗಿದ ಅಂಟು, ನನ್ನದೇ ಕೈಯ ಜಗತ್ಪ್ರಸಿದ್ಧ ಅಂಟು, ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು.

"ಕರೆಂಟಿನ ತಂತಿಗಳು ಉದ್ದ, ಅವು ತಾಗಿವೆ, ಅದಕ್ಕೇ ದೀಪ" ಎಂದಳು ಆಕೆ. "ಮಾತು ಸಾಗಿಸೋ ತಂತಿಗಳು ಚಿಕ್ಕವು, ತಾಗಿಲ್ಲ. ಈ ಅಂಗೀನ ಕತ್ತರಿಸ್ಬೇಕು."

ಆ ಕೊನೆಯ ಮಾತನ್ನು ಆಕೆ ಹೇಳಿದ್ದು ನನಗಲ್ಲ, ನನ್ನ ಹೆಂಡತಿಗೆ.

"ಕತ್ತರಿಸಿ" ಎಂದಳು ಹೆಂಡತಿ. "ರೀ, ನೀವು ಹೊರಗೆ ನಿಂತ್ಕೊಳ್ಳಿ."

ಸಾವಿರಾರು ಗಂಡಂದಿರಿಗೆ ಹೇಳಿ ಹೇಳಿ ನುಣುಪಾದ ಆ ಆಜ್ಞೆಗೆ ಎದುರಾಡುವ ಗಂಡು ಇನ್ನೂ ಹುಟ್ಟಿಲ್ಲ. ಬಾಗಿಲು ದಾಟುವಾಗ ತಿರುಗಿ ನೋಡಿದ್ದೇ ತಪ್ಪಾಯಿತು: ಲಾರಿಗೆ ಸೊಪ್ಪು ಹಾಕದ ಬೈಂಡಿಂಗು ಬ್ಲೇಡಿನ ಒಂದೇ ಎಳೆತಕ್ಕೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಬಂತು. ಚೊಚ್ಚಲ ಮಗುವಿನ ತಂದೆಯ ಹಾಗೆ ನಾನು ಆ ಬೀದಿಯಲ್ಲಿ ಶತಪಥ ಹಾಕಿದೆ. ನನ್ನ ಸುತ್ತಾಟಕ್ಕೆ ರಸ್ತೆಯೇ ಒಂದು ಗೇಣು ಸವೆಯಿತು. ಒಳಗೆ ಹಲ್ಲುಕಡ್ಡಿ ಮತ್ತು ಒಣ ಬ್ರಷ್ಷಿನಿಂದ ತೋರ್ಸಮ್ಮ ಅಂಟನ್ನು ಪುಡಿಪುಡಿಯಾಗಿ ಕೆರೆಯುತ್ತಿದ್ದಳು, ನನ್ನ ಹೆಂಡತಿ ಟಾರ್ಚು ಹಿಡಿದು, "ಮೆಲ್ಲಗೆ... ಆತುರ ಬೇಡ... ಹಾಂ, ಬಂತು, ಬಂತು" ಎನ್ನುತ್ತಿದ್ದಳು. ನಲವತ್ತು ನಿಮಿಷ. ಆಮೇಲೆ 'ಟುಣುಕ್' ಎಂದು ಕಂಪ್ಯೂಟರಿನ ಪುಟ್ಟ ದನಿ, ಅದರ ಹಿಂದೆಯೇ ಕಟ್ಟಡ ನಡುಗುವಂತೆ ನನ್ನ ಹೆಂಡತಿಯ ಕೂಗು: "ಅತ್ತಿತು! ರೀ, ಅತ್ತಿತು!"

ಒಳಗೆ ನುಗ್ಗಿದೆ. ಪರದೆಯ ಮೇಲೆ ಪುಸ್ತಕ ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಿಂತಿತ್ತು. ಇಬ್ಬರೂ ಕೈ ಕೈ ಹಿಡಿದು ನಗುತ್ತಿದ್ದರು. ಮೇಲೆ ಯಾರೂ ಮೆಟ್ಟಿಲು ಹತ್ತದಿದ್ದರೂ ಸ್ಕ್ರೂಗಳು ಕುಣಿದವು. ಪ್ರೆಸ್ಸು ಪಕ್ಕದ ಬೀದಿಯಲ್ಲೇ. ಗಂಟೆ ಇನ್ನೂ ಎರಡಾಗಿರಲಿಲ್ಲ.

ಉಪಯೋಗಕ್ಕೆ ಬಾರದ ಗಂಡಸು ತತ್ತ್ವಜ್ಞಾನಕ್ಕೆ ಇಳಿಯುತ್ತಾನೆ, ನಾನೂ ಇಳಿದೆ. ಇಂಥವರನ್ನು ಬೇರೆ ಬೇರೆ ವೃತ್ತಿಗಳಲ್ಲಿ ಕಂಡಿದ್ದೇನೆ: ಗಡಿಯಾರ ರಿಪೇರಿಯ ಮುದುಕನಲ್ಲಿ, ಬಾವಿ ತೋಡುವವನಲ್ಲಿ, ಸ್ವಂತ ಹೆಂಡತಿಯಲ್ಲಿ. ಮೌನವನ್ನು ಮರಣವೆಂದು ಅವಸರದಲ್ಲಿ ಓದದವರು ಇವರು. ವಾಚಾಳಿಗಳ ಪ್ರಮಾಣವಚನಕ್ಕೆ ಮರುಳಾಗದೆ, ಮೂಕವಸ್ತುವಿನ ಪಿಸುಮಾತಿಗೆ ಕಿವಿಗೊಟ್ಟು ಕಾಯಬಲ್ಲವರು. ನಮ್ಮಂಥವರು ಕಟ್ಟುತ್ತಾ, ಕಟ್ಟಿದ್ದನ್ನು ಹೊಗಳಿಕೊಳ್ಳುತ್ತಾ ಸಾಗಿದರೆ, ನಾವು ಕಟ್ಟಿದ್ದರ ಒಳಗೆ ಉಸಿರಾಡುವುದಕ್ಕೆ ಜಾಗವಿದೆಯೇ ಎಂದು ಇಣುಕಿ ನೋಡುವವರು ಇವರೇ. ಇಷ್ಟನ್ನೂ, ಇದಕ್ಕಿಂತ ಇನ್ನೊಂದಿಷ್ಟನ್ನೂ ಆಕೆಯ ಮುಂದೆಯೇ ಕೈಯಾಡಿಸುತ್ತಾ ಹೇಳಿ, "ಅಬ್ಬಾ, ಈ ಡಬ್ಬಿಗಳ ಮೇಲೆ ನಿಮ್ಮಂಥೋರಿಗೆ ಎಂಥ ನಂಬಿಕೆ ಅಮ್ಮಾ!" ಎಂದು ಮುಗಿಸಿದೆ.

ತೋರ್ಸಮ್ಮ ಎರಡು ಪುಟ್ಟ ಪೆನ್ ಡ್ರೈವುಗಳನ್ನು ನನ್ನ ಹೆಂಡತಿಯ ಅಂಗೈಯಲ್ಲಿಟ್ಟು, ಬೆರಳು ಮಡಿಚಿ ಮುಚ್ಚಿದಳು.

"ನಂಬಿಕೆನಾ? ನಂಬಿಕೆ ಇದ್ದಿದ್ರೆ, ನೀವು ಭಾಷಣ ಮುಗಿಸೋಷ್ಟರಲ್ಲಿ ನಾನ್ಯಾಕೆ ಎರಡು ಕಾಪಿ ತೆಗೀತಿದ್ದೆ?"