ಬಾಯಿಬಿಟ್ಟು ಹೇಳಿದರೆ ಮಾತ್ರ ಅಂಕ

ಹದಿನಾಲ್ಕು ವರ್ಷ ಆಂಬುಲೆನ್ಸಿನ ಹಿಂಭಾಗದಲ್ಲಿ ರೋಗಿಯ ಪಕ್ಕ ಕೂತು ಬಂದವಳು ನಾನು. ಎದೆ ಒತ್ತಿದ್ದೇನೆ, ಗಾಯ ಕಟ್ಟಿದ್ದೇನೆ, ಸಿಗ್ನಲ್ಲಿನಲ್ಲಿ ನಿಂತ ಗಾಡಿಯೊಳಗೆ ಹೆರಿಗೆಯನ್ನೂ ಮಾಡಿಸಿದ್ದೇನೆ. ಅಂಥವಳನ್ನು ಒಂದು ರಬ್ಬರ್ ಬೊಂಬೆ ಫೇಲ್ ಮಾಡಿತು ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಹೊಸ ನಿಯಮ ಬಂದಿತ್ತು. ಪದವಿ ಇಲ್ಲದವರು ಇನ್ನು ರೋಗಿಯ ಪಕ್ಕ ಕೂರುವಂತಿಲ್ಲ. ಸ್ಟ್ರೆಚರ್ ಎತ್ತಬಹುದು, ಗಾಡಿ ತೊಳೆಯಬಹುದು, ಅಷ್ಟೇ. ಹಾಗಾಗಿ ಮೂವತ್ತೆಂಟನೇ ವಯಸ್ಸಿಗೆ ರಜೆ ಹಾಕಿ ಪ್ಯಾರಾಮೆಡಿಸಿನ್ ಪದವಿಗೆ ಸೇರಿದೆ. ತರಗತಿಯ ಮಕ್ಕಳು ಮೊದಲ ವಾರ ‘ಆಂಟಿ’ ಅಂದರು. ಒಂದು ಸಲ ಕಣ್ಣು ಬಿಟ್ಟು ನೋಡಿದೆ, ‘ಅಕ್ಕ’ ಆದೆ. ನರಗಳ ಹೆಸರು, ಔಷಧಿಗಳ ಪ್ರಮಾಣ ಎಲ್ಲವನ್ನೂ ಉರು ಹೊಡೆದು ಮೂರು ವರ್ಷ ದಾಟಿಸಿದೆ. ಉಳಿದದ್ದು ಕೊನೆಯ ಪ್ರಾಯೋಗಿಕ ಪರೀಕ್ಷೆ. ಅದು ನನಗೆ ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದೆ.

ಪರೀಕ್ಷೆ ನಡೆಯುವುದು ಹೀಗೆ: ಕೋಣೆಯ ನಡುವೆ ಮಂಚದ ಮೇಲೆ ಬೊಂಬೆ. ಪಕ್ಕದ ಕುರ್ಚಿಯಲ್ಲಿ ರೋಗಿಯ ಹೆಂಡತಿಯ ಪಾತ್ರದಲ್ಲಿ ಲ್ಯಾಬ್ ಅಟೆಂಡರ್, ಅವನ ಪೊದೆ ಮೀಸೆ ಸಮೇತ. ಮೂಲೆಯಲ್ಲಿ ಪಟ್ಟಿ ಹಿಡಿದು ಅಂಕ ಹಾಕುವ ಮೇಡಂ. ಎಂಟು ನಿಮಿಷ, ಇಪ್ಪತ್ತು ಹೆಜ್ಜೆ. ಪ್ರತಿಯೊಂದನ್ನೂ ಮಾಡುವಾಗ ಗಟ್ಟಿಯಾಗಿ ಹೇಳಬೇಕು: ‘ಕೈಗವಸು ಹಾಕಿದ್ದೇನೆ’, ‘ಉಸಿರಾಟ ನೋಡುತ್ತಿದ್ದೇನೆ’. ಹೇಳದಿದ್ದರೆ ಮಾಡಿಲ್ಲ ಎಂದೇ ಲೆಕ್ಕ. ನಾನು ಹೋದೆ, ತುಟಿ ಎರಡು ಮಾಡದೆ ನಾಲ್ಕೇ ನಿಮಿಷದಲ್ಲಿ ಎಲ್ಲ ಮುಗಿಸಿದೆ, ಕೈ ಒರೆಸಿಕೊಂಡು ನಿಂತೆ. ಇಪ್ಪತ್ತಕ್ಕೆ ಸೊನ್ನೆ ಬಂತು.

“ಉಸಿರು ನೋಡಿದೆ ಮೇಡಂ. ನೀವೇ ಎದುರಿಗಿದ್ರಲ್ಲ!”

“ಬಗ್ಗಿದ್ದು ಕಾಣಿಸ್ತು. ಉಸಿರು ನೋಡಿದ್ರೋ, ಅದರ ಅಂಗಿ ಗುಂಡಿ ನೋಡಿದ್ರೋ, ನನಗೇನು ಗೊತ್ತು?”

ನನಗಿಂತ ಹತ್ತು ವರ್ಷ ಚಿಕ್ಕವಳು. ಮೈಯೆಲ್ಲ ಉರಿದುಹೋಯಿತು. ಮೂರು ವಾರದ ನಂತರ ಇನ್ನೊಂದೇ ಅವಕಾಶ. ಪಾಸಾಗಲು ಹದಿನೈದು ಬೇಕು. ಆಗದಿದ್ದರೆ ಇಡೀ ವರ್ಷ ಮತ್ತೆ ಓದಬೇಕು, ಅದಕ್ಕೆ ನಮ್ಮ ಆಫೀಸಿನವರು ಇನ್ನು ಒಂದು ದಿನದ ರಜೆಯನ್ನೂ ಕೊಡುವುದಿಲ್ಲ. ಜೀವಮಾನವಿಡೀ ಗಾಡಿ ತೊಳೆಯುವುದೇ ಗತಿ.

ಮನೆಗೆ ಬಂದು ಅಮ್ಮನ ಮುಂದೆ ಮೇಡಂಗೆ ಹಿಡಿಶಾಪ ಹಾಕಿದೆ.

“ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ,” ಎಂದು ಅಮ್ಮ ಸೋಫಾದ ಮೇಲೆ ಕಾಲು ಚಾಚಿ ಮಲಗಿದಳು. “ಬಾ, ನಾನೇ ಬೊಂಬೆ. ಮಾಡು.”

ಅಮ್ಮನಿಗೆ ಎಪ್ಪತ್ತೆರಡು. ಬೊಂಬೆಯ ಹಾಗೆ ಸುಮ್ಮನಿರುವ ಜಾತಿಯಲ್ಲ.

“ನಾಡಿ ನೋಡ್ತಿದೀನಿ,” ಅಂದೆ.

“ನೋಡು ನೋಡು. ಇದ್ರೆ ನಂಗೂ ಹೇಳು.”

ಮೊದಲ ಎರಡು ಹೆಜ್ಜೆ ಬಾಯಿಬಿಟ್ಟು ಹೇಳುತ್ತಿದ್ದೆ. ಮೂರನೆಯದಕ್ಕೆ ಕೈ ಓಡುತ್ತಿತ್ತು, ಬಾಯಿ ಮುಚ್ಚಿಕೊಳ್ಳುತ್ತಿತ್ತು. ದಿನಾ ಇದೇ ಕತೆ. ಐದನೇ ದಿನ ಅಮ್ಮನಿಗೂ ಸಾಕಾಯಿತು.

“ಬೀದಿಗೆಲ್ಲ ಕೇಳೋ ಹಾಗೆ ಜಗಳ ಆಡ್ತೀಯ. ರೋಗಿ ಕಂಡ್ರೆ ಮೌನಗೌರಿ ಆಗ್ಬಿಡ್ತೀಯಲ್ಲೇ!”

“ಕೆಲಸ ಬರೋರು ಮಾತಾಡಲ್ಲಮ್ಮ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ನೀನೇ ಹೇಳ್ತಿರ್ಲಿಲ್ವಾ?”

ಅಮ್ಮ ಎದ್ದು ಕೂತು ದಿಂಬಿನ ಕವರ್ ಸರಿಮಾಡಿದಳು. “ಅಪ್ಪನ್ನ ಕರ್ಕೊಂಡು ಹೋದ ದಿನಾನೂ ನೀನು ಹಿಂಗೇ ಇದ್ದೆ,” ಅಂದಳು.

ಆರು ವರ್ಷದ ಹಿಂದಿನ ಮಾತು. ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಪಾಳಿಯಲ್ಲೇ ನಮ್ಮ ಮನೆಯ ವಿಳಾಸಕ್ಕೆ ಕರೆ ಬಂದಿತ್ತು. ಅಪ್ಪನನ್ನು ಗಾಡಿಗೆ ಹಾಕಿ, ಅಮ್ಮನನ್ನು ಪಕ್ಕದ ಸೀಟಿನಲ್ಲಿ ಕೂರಿಸಿದೆ. ಆಕ್ಸಿಜನ್ ಹಾಕಿದೆ, ಡ್ರಿಪ್ ಹಾಕಿದೆ, ಆಸ್ಪತ್ರೆ ಬರುವ ತನಕ ಇಪ್ಪತ್ತು ನಿಮಿಷ ತಲೆ ಎತ್ತಲಿಲ್ಲ. ನನಗೆ ಗೊತ್ತಿದ್ದ ಎಲ್ಲವನ್ನೂ ಮಾಡಿದೆ. ಅದೊಂದು ಸಮಾಧಾನ ಇಟ್ಟುಕೊಂಡೇ ಇಷ್ಟು ವರ್ಷ ಬದುಕಿದ್ದೆ.

“ನಿನ್ನ ಮುಖಾನೇ ನೋಡ್ತಿದ್ದೆ,” ಅಂದಳು ಅಮ್ಮ. “ನೀನು ಉಸಿರೆತ್ತಲಿಲ್ಲ. ಆಗ್ಲೇ ಮುಗಿದಿದೆ, ನಂಗೆ ಹೇಳೋಕೆ ಆಗ್ದೆ ಸುಮ್ನಿದಾಳೆ ಅಂದ್ಕೊಂಡೆ. ಅದಕ್ಕೇ ನಾನೂ ಸುಮ್ನೆ ಕೂತೆ. ಹೋದೋರ ಹತ್ರ ಏನು ಮಾತಾಡೋದು?”

“ಅಮ್ಮ, ಉಸಿರಿತ್ತು. ಆಸ್ಪತ್ರೆ ಬಾಗಿಲವರೆಗೂ ಇತ್ತು.”

ಅಮ್ಮ ನನ್ನನ್ನೇ ನೋಡಿದಳು. “ಕೇಳಿಸ್ತಿತ್ತಾ ಅವರಿಗೆ?”

ಸುಳ್ಳು ಹೇಳಬಹುದಿತ್ತು. “ಕೇಳಿಸ್ತಿತ್ತು ಅನ್ಸುತ್ತೆ,” ಅಂದೆ.

“ಒಂದು ಮಾತು ಹೇಳೋದಿತ್ತು,” ಎಂದು ಅಮ್ಮ ಎದ್ದು ಒಳಗೆ ಹೋದಳು. ಯಾವ ಮಾತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಮರುದಿನ ಅಭ್ಯಾಸ ಬೇಡ ಅಂದುಕೊಂಡಿದ್ದೆ. ಅಮ್ಮನೇ ಬಂದು ಸೋಫಾದ ಮೇಲೆ ಮಲಗಿ, “ಹೂಂ, ಶುರು ಮಾಡು. ಗಟ್ಟಿಯಾಗಿ,” ಅಂದಳು.

ಎರಡನೇ ಪರೀಕ್ಷೆಗೂ ಅದೇ ಕೋಣೆ, ಅದೇ ಬೊಂಬೆ, ಅದೇ ಮೇಡಂ. ರೋಗಿಗೆ ಎಚ್ಚರವಿಲ್ಲ, ಉಸಿರಿದೆ ಎಂದು ಚೀಟಿಯಲ್ಲಿ ಬರೆದಿತ್ತು. ಕೈಗವಸಿನಿಂದ ಹಿಡಿದು ಒಂದೊಂದನ್ನೂ ಹೇಳುತ್ತಾ ಹೋದೆ. ಆಕ್ಸಿಜನ್ ಮಾಸ್ಕ್ ಕಟ್ಟುವಾಗ ಕುರ್ಚಿಯತ್ತ ಕಣ್ಣು ಹೋಯಿತು. ಅಟೆಂಡರ್ ಮಡಿಲಲ್ಲಿ ಕೈಯಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಹೋದ ಸಲ ಅವನತ್ತ ನಾನು ತಿರುಗಿಯೂ ನೋಡಿರಲಿಲ್ಲ.

“ಅಮ್ಮ, ಉಸಿರಿದೆ,” ಅಂದೆ ಅವನಿಗೆ. “ನಿಮ್ಮ ಮಾತು ಅವರಿಗೆ ಕೇಳಿಸಬಹುದು. ಇಲ್ಲಿ ಬಂದು ಕೈ ಹಿಡ್ಕೊಳ್ಳಿ. ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳಿ.”

ಪಾಪ, ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮೇಡಂ ಮುಖ ನೋಡಿದ, ಎದ್ದು ಬಂದು ರಬ್ಬರ್ ಕೈ ಹಿಡಿದುಕೊಂಡ, ಕೆಮ್ಮಿದ. “ಹುಷಾರಾಗ್ತೀರ, ಬಿಡಿ,” ಅಂದ. ನನಗೆ ಮುಂದಿನ ಹೆಜ್ಜೆ ಯಾವುದೆಂದೇ ಸ್ವಲ್ಪ ಹೊತ್ತು ಹೊಳೆಯಲಿಲ್ಲ. ಸಾವರಿಸಿಕೊಂಡು ಮುಂದುವರಿಸುವಷ್ಟರಲ್ಲಿ ಗಂಟೆ ಹೊಡೆಯಿತು.

“ಅದು ಪಟ್ಟೀಲಿ ಇಲ್ಲ,” ಅಂದರು ಮೇಡಂ. “ಅದಕ್ಕೆ ಅಂಕ ಇಲ್ಲ. ಅದರಿಂದ ಕೊನೇ ನಾಲ್ಕು ಹೆಜ್ಜೆ ಉಳಿದುಹೋಯ್ತು.”

“ಗೊತ್ತು ಮೇಡಂ.”

ಅವರು ಪಟ್ಟಿಯನ್ನು ಎರಡು ಸಲ ಎಣಿಸಿದರು. “ಹದಿನಾರು. ಹೋಗಿ.”

ಮನೆಯಲ್ಲಿ ಅಮ್ಮನಿಗೆ ಮೀಸೆಯ ಹೆಂಡತಿಯ ಕತೆ ಹೇಳಿದೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ಪಾಪದೋನು. ಏನಂದ ಬೊಂಬೆಗೆ?”

“ಹುಷಾರಾಗ್ತೀರ, ಬಿಡಿ ಅಂದ.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಾನಾಗಿದ್ರೆ, ಕನ್ನಡಕ ನನ್ನ ಬ್ಯಾಗಲ್ಲೇ ಇತ್ತು ರೀ ಅಂತಿದ್ದೆ,” ಅಂದಳು. “ಅವತ್ತು ಬೆಳಿಗ್ಗೆಯಿಂದ ಅಪ್ಪ ಹುಡುಕ್ತಿದ್ರು. ಎಲ್ಲೋ ಕಳ್ಕೊಂಡ್ರಿ ಅಂತ ಬೈದ್ಬಿಟ್ಟಿದ್ದೆ.”