ಐಸ್ ಪೆಟ್ಟಿಗೆಯ ಮೇಲಿನ ನಂಬರು

ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಮಾಲಿನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ತೆಂಗಿನಗುಂಡಿಯ ಐಸ್ ಪ್ಲ್ಯಾಂಟಿನಲ್ಲಿ ಚೀಟಿ ಬರೆಯುವ ಕೆಲಸ; ಮೇಜಿನ ಮೇಲಿನ ಪ್ಲ್ಯಾಂಟಿನ ಮೊಬೈಲೂ ಅವಳ ಪಾಲಿಗೇ. ಹೊರದೇಶದ ನಂಬರೆಂದರೆ ಮೋಸದವರೇ ಎಂದು ಕಟ್ ಮಾಡಿಬಿಡುವಳು. ಈ ವಾರ ಒಂದೇ ನಂಬರನ್ನು ಮೂರು ಸಲ ಕಟ್ ಮಾಡಿದ್ದಳು.

ಬೆಳಿಗ್ಗೆ ಮೀನುಬುಟ್ಟಿ ಇಳಿಸಿ ದುರ್ಗಿ ಬಾಗಿಲಲ್ಲೇ ಕುಕ್ಕರಿಸಿದಳು. ಹಡಗಿನ ಕೆಲಸಕ್ಕೆ ಹೋಗಿದ್ದ ಅವಳ ಮಗ ನರೇಶನನ್ನು ಕಾಗದ ಸರಿಯಿಲ್ಲವೆಂದು ಅಮೆರಿಕದ ಯಾವುದೋ ದೊಡ್ಡ ಊರಿನಲ್ಲಿ ಹಿಡಿದಿಟ್ಟಿದ್ದಾರೆಂದು ಜೊತೆಯವರು ತಿಳಿಸಿ ಹನ್ನೊಂದು ದಿನವಾಗಿತ್ತು.

"ವಕೀಲ್ರು ಎಂತ ಹೇಳಿದ್ರು ದುರ್ಗಕ್ಕ?"

"ಒಳಗೆ ಹಾಕ್ದವ್ರಿಗೆ ಒಂದು ನಂಬರು ಕೊಡ್ತ್ರಂತೆ. ಅದಿಲ್ದೆ ಅರ್ಜಿ ಹಾಕೂಕೆ ಆಗುದಿಲ್ವಂತೆ. ಇವತ್ತು ಹಾಕ್ದಿದ್ರೆ ಬೇರೆ ಎಲ್ಲಿಗೋ ಸಾಗಿಸ್ತ್ರಂತೆ. ನನ್ನ ಫೋನು ಒಂದ್ಸಲನೂ ಹೊಡ್ಕಳ್ಳಿಲ್ಲ ಮಗಾ."

"ನಿಮ್ಮ ನಂಬರು ಅವನಿಗೆ ಬಾಯಿಪಾಠ ಉಂಟಾ?"

"ಅವಂಗಾ? ಅವನ ನಂಬರೇ ಅವಂಗೆ ಗೊತ್ತಿಲ್ಲ! ಗೊತ್ತಿದ್ದದ್ದು ಒಂದೇ, ನಿಮ್ಮ ಐಸ್ ಪೆಟ್ಟಿಗೆ ಮೇಲಿಂದು. ಅದ್ರ ಮೇಲೇ ಕೂತು ಮೀನು ಆರ್ಸ್ತಾ ಬೆಳ್ದವ ಅಲ್ದಾ!"

ಮಾಲಿನಿಯ ಪೆನ್ನು ನಿಂತಿತು. ಎದುರಿನ ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ ಹತ್ತು ಅಂಕಿಗಳು, ಮೇಜಿನ ಮೇಲಿನ ಇದೇ ಮೊಬೈಲಿನ ನಂಬರು. ಮೂರೂ ಸಲ ಕರೆ ಬಂದದ್ದು ಎಂಟರ ಸುಮಾರಿಗೆ. ಈಗ ಎಂಟಕ್ಕೆ ಐದು ನಿಮಿಷ.

"ಸ್ವಲ್ಪ ಕೂತ್ಕೊಳಿ" ಎಂದಳು. ಯಾಕೆಂದು ಹೇಳದೆ ಮೊಬೈಲನ್ನು ಹತ್ತಿರಕ್ಕೆ ಎಳೆದುಕೊಂಡಳು.

ಎಂಟಾಯಿತು. ಎಂಟೂ ಹತ್ತು. ಇನ್ನು ಮಾಡುವುದಿಲ್ಲವೇನೋ, ಮೂರು ಸಲ ಮುಖಕ್ಕೆ ಬಾಗಿಲು ಹಾಕಿಸಿಕೊಂಡವನು ನಾಲ್ಕನೇ ಸಲ ಯಾಕೆ ಬರುತ್ತಾನೆ?

"ಮೀನು ಹಾಳಾತದೆ ಮಾರಾಯ್ತಿ" ಎಂದು ದುರ್ಗಿ ಬುಟ್ಟಿ ಎತ್ತಿದಳು. ಆಗ ಫೋನ್ ಹೊಡೆದುಕೊಂಡಿತು. ಅದೇ ನಂಬರು.

ಇಂಗ್ಲಿಷಿನಲ್ಲಿ ಒಂದು ಯಂತ್ರದ ದನಿ: ಬಂಧನಕೇಂದ್ರದಿಂದ ಕರೆ, ಒಪ್ಪಿಗೆಯಿದ್ದರೆ ಐದು ಒತ್ತಿ. ಮಾಲಿನಿ ಐದು ಒತ್ತಿ ಸ್ಪೀಕರಿಗೆ ಹಾಕಿದಳು.

"ಹಲೋ? ಐಸ್ ಪ್ಲ್ಯಾಂಟಾ?"

"ಮಗಾ! ಉಂಡ್ಯನಾ? ಹೊಡೆದ್ರನಾ?" ದುರ್ಗಿ ಫೋನನ್ನೇ ತಬ್ಬಿಕೊಂಡಳು. ಆ ಕಡೆ ಬರೀ ಅಳು, ಈ ಕಡೆಯೂ ಅದೇ. ಒಂದು ನಿಮಿಷ ಉಳಿದಿದೆ ಎಂದಿತು ಯಂತ್ರ.

ಎಂದೂ ದನಿ ಎತ್ತದ ಮಾಲಿನಿ ಫೋನ್ ಕಸಿದುಕೊಂಡು ಕಿರುಚಿದಳು. "ನರೇಶಾ, ಅಳ್ಬೇಡ! ನಿನ್ನ ನಂಬರು ಹೇಳು, ಅಲ್ಲಿ ಕೊಟ್ಟದ್ದು!"

ಅವನು ಒಂದೊಂದೇ ಅಂಕಿ ಹೇಳಿದ. ಅವಳು ಐಸ್ ಚೀಟಿಯ ಮೇಲೆ ಬರೆದು ತಿರುಗಿ ಓದಿದಳು. "ಹೌದು, ಅದೇ. ಮೂರು ಸಲ ಮಾಡಿದ್ದೆ, ಯಾರೋ ಕಟ್ ಮಾಡ್ದ್ರು..." ಲೈನು ಹೋಯಿತು.

ದುರ್ಗಿ ಕಣ್ಣೊರೆಸಿಕೊಂಡು ಕೇಳಿದಳು: "ಯಾರೇ ಕಟ್ ಮಾಡ್ದವ್ರು?"

"ನಾನೇ ದುರ್ಗಕ್ಕ. ಹೆದ್ರಿಕೆಗೆ."

ದುರ್ಗಿ ಅವಳನ್ನು ನೋಡಿದಳು. ನಂಬರು ಬರೆದ ಚೀಟಿಯನ್ನು ಅವಳ ಮುಂದಕ್ಕೆ ತಳ್ಳಿದಳು.

"ವಕೀಲ್ರಿಗೆ ಫೋನ್ ಹಚ್ಚು ಮೊದ್ಲು. ನೀನೇ ಮಾತಾಡು. ಬೈಯೂದು ಆಮೇಲೆ."

ಮಾಲಿನಿ ಫೋನ್ ಹಚ್ಚಿದಳು.